‘ದೇವರಿಗೆ ಆಗದು’ ಎಂಬ ಮಾತಿನ ಮರೆಯಲ್ಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲಿನಲ್ಲಿ, ಕಡಲೆಕಾಯಿ ಹೊಲಗಳ ಅಂಚಿಗೆ, ಊರಿನಿಂದ ತುಸು ದೂರವಾಗಿ, ಒಂದು ಕಾಲಕ್ಕೆ ಮುಳ್ಳುಬೇಲಿಯ ವೃತ್ತದೊಳಗೆ ನೆಲೆಗೊಂಡಿದ್ದ ಕಾಡುಗೊಲ್ಲರ ಹಟ್ಟಿಗಳು ಇಂದಿಗೂ ಗೊಲ್ಲರಹಟ್ಟಿ ಎಂಬ ಹೆಸರನ್ನೇ ಹೊತ್ತುಕೊಂಡು ನಿಂತಿವೆ. ಈ ಜನ ಪಶುಪಾಲಕರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಎಂಬ ವೀರರನ್ನು ದೈವವಾಗಿ ನೆನೆಯತಕ್ಕವರು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯೆಂದರೆ ಅವರಿಗೆ ಪರಮ ಪವಿತ್ರ ಸ್ಥಳ. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತ ರಾತ್ರಿಯಿಡೀ ಜುಂಜಪ್ಪನ ಕಾವ್ಯವನ್ನು ಹಾಡಬಲ್ಲ ಹಿರಿಯರು ಅವರಲ್ಲಿ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ನೆರೆಯ ಚಳ್ಳಕೆರೆ ಸೀಮೆಯ ಸಿರಿಯಜ್ಜಿಯಂಥ ನಿರಕ್ಷರ ಮಹಾಕವಯಿತ್ರಿ ಸಾವಿರಾರು ಪದಗಳನ್ನು ನಾಲಗೆಯ ಮೇಲೆಯೇ ಇಟ್ಟುಕೊಂಡು ಬಾಳಿದ್ದು ಇದೇ ಹಟ್ಟಿಗಳ ಸಂಸ್ಕಾರದಿಂದ. ತೀ.ನಂ. ಶಂಕರನಾರಾಯಣರು ಇವರ ಸಂಪ್ರದಾಯಗಳನ್ನೂ ನಂಬಿಕೆಗಳನ್ನೂ ಹಟ್ಟಿಯಿಂದ ಹಟ್ಟಿಗೆ ತಿರುಗಿ ಸಂಗ್ರಹಿಸಿ ಗ್ರಂಥವನ್ನಾಗಿ ಮಾಡಿದ್ದಾರೆ. ಇಷ್ಟನ್ನೂ ಮೊದಲಿಗೇ ಹೇಳಿಬಿಡುವುದಕ್ಕೆ ಕಾರಣವುಂಟು. ಮುಂದೆ ನಾನು ಆಡಬೇಕಾಗಿರುವ ಮಾತು ಈ ಜನರ ವಿಷಯವಾಗಿ ತಾತ್ಸಾರದಿಂದ ಹುಟ್ಟಿದ್ದೆಂದು ಯಾರೂ ಭಾವಿಸಕೂಡದು. ಮಾತನ್ನು ಇಷ್ಟು ಚೆನ್ನಾಗಿ ಬಲ್ಲ ಸಮುದಾಯದಲ್ಲಿ ಕೆಲವೇ ಕೆಲವು ಮಾತುಗಳು, ಅರ್ಥ ಸ್ಫುಟವಾಗದ ಮಾತುಗಳು, ತಾಯಂದಿರ ಮೇಲೂ ಹಸುಗೂಸುಗಳ ಮೇಲೂ ಎಂಥ ಭಾರವನ್ನು ಹೊರಿಸಿವೆಯೆಂಬುದೇ ನನ್ನ ವಿಷಯ.

2023ರ ಜುಲೈ ತಿಂಗಳಲ್ಲಿ, ಈ ನಾಲ್ಕು ತಾಲ್ಲೂಕುಗಳಿರುವ ಜಿಲ್ಲೆಯದೇ ಆದ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಹೆರಿಗೆಯಾದ ತಾಯಿಯನ್ನೂ ಅವಳ ಕೂಸನ್ನೂ ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸಿದ್ದಾಗ, ಮಳೆಗಾಳಿಯ ದಿನಗಳಲ್ಲಿ ಶೀತ ಹತ್ತಿ ಆ ಕೂಸು ತೀರಿಕೊಂಡಿತು. ಸುದ್ದಿ ಪತ್ರಿಕೆಗಳಲ್ಲಿ ಬಂತು, ಅಧಿಕಾರಿಗಳು ಬಂದರು, ನ್ಯಾಯಾಧೀಶರು ಬಂದರು, ಮೊಕದ್ದಮೆಯೂ ದಾಖಲಾಯಿತು. ಕೆಲವು ವಾರಗಳು ಜಿಲ್ಲೆಯ ಹಟ್ಟಿ ಹಟ್ಟಿಗೂ ತಿಳಿವಳಿಕೆಯ ಸಭೆಗಳು ನಡೆದವು. ಆದರೆ ಆ ಸಾವಿನ ಸುತ್ತ ಅಂದು ಆಡಲಾದ ಮಾತುಗಳನ್ನು, ಅಂತಹುದೇ ಸಂದರ್ಭಗಳಲ್ಲಿ ಈ ಸೀಮೆಯ ಹಟ್ಟಿಗಳಲ್ಲಿ ಇಂದಿಗೂ ಕೇಳಿಬರುವ ಮಾತುಗಳನ್ನು ಸಾವಧಾನವಾಗಿ ಕೇಳಿಸಿಕೊಂಡರೆ ಒಂದು ಸಂಗತಿ ಮನಸ್ಸಿಗೆ ನಾಟುವುದು: ಆ ತಾಯಿಯನ್ನು ಹೊರಗೆ ಕಳುಹಿಸಿದವರು ಯಾರೆಂಬ ಪ್ರಶ್ನೆಗೆ ಆ ಮಾತುಗಳಲ್ಲಿ ಎಲ್ಲಿಯೂ ಉತ್ತರವೇ ಇಲ್ಲ. ‘ನಮ್ಮ ದೇವ್ರಿಗೆ ಆಗಲ್ಲ ಸಾಮಿ.’ ‘ಹಿಂದ್ಲಿಂದ ನಡ್ಕೊಂಡ್ ಬಂದೈತೆ.’ ‘ಸೂತಕ ಅಲ್ವಾ, ಒಳಕ್ ಬರಂಗಿಲ್ಲ.’ ‘ಅವರೇ ಹೋಯ್ತಾರೆ, ಯಾರೂ ಕಳ್ಸಲ್ಲ.’ ನಾಲ್ಕು ವಾಕ್ಯಗಳು. ಕಳುಹಿಸುವ ಕೈ ಯಾವುದೆಂದು ನಾಲ್ಕರಲ್ಲಿ ಒಂದೂ ಹೇಳುವುದಿಲ್ಲ.

ಇವುಗಳಲ್ಲಿ ‘ಆಗಲ್ಲ’ ಎಂಬುದನ್ನೇ ಮೊದಲು ನೋಡೋಣ. ಕನ್ನಡದಲ್ಲಿ ಇದಕ್ಕಿಂತ ಸುಲಭವಾದ, ಇದಕ್ಕಿಂತ ಜಾರುವ ಕ್ರಿಯಾಪದ ಮತ್ತೊಂದಿಲ್ಲ. ನನಗೆ ಹಾಲು ಆಗುವುದಿಲ್ಲ ಎಂದರೆ ದೇಹಕ್ಕೆ ಒಗ್ಗದು ಎಂದರ್ಥ; ನನ್ನ ಕೈಯಲ್ಲಿ ಆಗುವುದಿಲ್ಲ ಎಂದರೆ ಶಕ್ತಿ ಸಾಲದು ಎಂದರ್ಥ; ಅವರಿಬ್ಬರಿಗೂ ಆಗುವುದಿಲ್ಲ ಎಂದರೆ ವೈಮನಸ್ಯ; ಇವತ್ತು ಕೆಲಸ ಆಗುವುದಿಲ್ಲ ಎಂದರೆ ಸಮಯವಿಲ್ಲ. ‘ದೇವರಿಗೆ ಆಗುವುದಿಲ್ಲ’ ಎಂದಾಗ ಇವುಗಳಲ್ಲಿ ಯಾವ ಅರ್ಥ? ಬಾಣಂತಿಯ ಸಾಮೀಪ್ಯವನ್ನು ಸಹಿಸಲಾರದಷ್ಟು ದೇವರು ದುರ್ಬಲನೆಂದೆ? ಅವಳ ಮೇಲೆ ದೇವರಿಗೆ ವೈರವೆಂದೆ? ಅಥವಾ ದೇವರ ಹೆಸರಿನಲ್ಲಿ ಪೂಜಾರಪ್ಪನಿಗೂ ಹಟ್ಟಿಯ ಯಜಮಾನರಿಗೂ ಇದು ಸಮ್ಮತವಲ್ಲವೆಂದೆ? ಕೊನೆಯ ಅರ್ಥವನ್ನು ಬಾಯಿಬಿಟ್ಟು ಹೇಳಿದರೆ ಹೇಳಿದವರು ಉತ್ತರವಾದಿಗಳಾಗಬೇಕಾಗುವುದು. ಮೊದಲಿನ ಎರಡನ್ನು ಬಾಯಿಬಿಟ್ಟು ಹೇಳಿದರೆ ದೈವನಿಂದೆಯಾಗುವುದು. ಮೂರನ್ನೂ ಹೇಳದೆ ಮೂರರ ಫಲವನ್ನೂ ಪಡೆಯುವುದಕ್ಕೆ ‘ಆಗಲ್ಲ’ ಎಂಬ ಒಂದು ಪದ ಸಾಕಾಗಿದೆ. ಜುಂಜಪ್ಪನ ಕಾವ್ಯವನ್ನು ಹಾಡುವವರು ಅವನ ತಾಯಿ ಚಿನ್ನಮ್ಮನನ್ನು ಎಷ್ಟು ಆರ್ದ್ರವಾಗಿ ನೆನೆಯುತ್ತಾರೆಂಬುದನ್ನು ಕೇಳಿದವರಿಗೆ, ತಾಯಿಯಾದವಳು ಆ ಮಗನಿಗೆ ‘ಆಗದವಳು’ ಹೇಗಾದಳೆಂಬ ಪ್ರಶ್ನೆ ತಾನಾಗಿಯೇ ಹುಟ್ಟುವುದು. ಆ ಪ್ರಶ್ನೆಯನ್ನು ಹಟ್ಟಿಯ ಹೆಣ್ಣುಮಕ್ಕಳೇ ಈಗ ಕೇಳತೊಡಗಿದ್ದಾರೆ.

‘ಸೂತಕ’ವೆಂಬುದು ಇನ್ನೊಂದು. ಮೂಲದಲ್ಲಿ ಅದು ಪ್ರಸವಕ್ಕೆ, ಜನನಕ್ಕೆ ಸಂಬಂಧಿಸಿದ ಮಾತು. ಬರಬರುತ್ತ ಮರಣದ ಆಶೌಚಕ್ಕೂ ಅದೇ ಹೆಸರಾಯಿತು. ಇಂದು ನಮ್ಮ ಪೇಟೆಗಳಲ್ಲಿ ಸೂತಕವೆಂದರೆ ಮನೆಯಲ್ಲಿ ಸಾವಾಗಿದೆಯೆಂದೇ ಮೊದಲು ತಿಳಿಯುವುದು. ಹೆರಿಗೆಗೆ ಬೇರೆಯಾಗಿ ‘ಪುರುಡು’ ಎಂಬ ಮಾತಿದೆ. ತೆಲುಗಿನ ನೆರೆಯಲ್ಲಿರುವ ಪಾವಗಡದ ಕಡೆ ಆ ಪುರುಡು ಎರಡು ಭಾಷೆಗಳಲ್ಲಿಯೂ ಅದೇ ಆಗಿ ಸಲ್ಲುವುದು, ಜೊತೆಗೆ ‘ಮೈಲ’ ಎಂಬ ತೆಲುಗು ಮಾತೂ ಕಿವಿಗೆ ಬೀಳುವುದು. ಹಟ್ಟಿಯ ಬಳಕೆಯಲ್ಲಾದರೋ ಮೈನೆರೆದದ್ದು, ತಿಂಗಳ ಮುಟ್ಟು, ಹೆರಿಗೆ, ಸಾವು ಎಲ್ಲವೂ ಸೂತಕವೆಂಬ ಒಂದೇ ಮೂಟೆಯಲ್ಲಿ ಕಟ್ಟಲ್ಪಟ್ಟಿವೆ. ಒಂದು ಮೂಟೆಯಾದ್ದರಿಂದಲೇ, ಸಾವಿನ ಮನೆಯಲ್ಲಿ ಇರತಕ್ಕ ಭಯವೂ ದೂರವೂ ಹುಟ್ಟಿನ ಮನೆಗೆ ಪ್ರಶ್ನೆಯಿಲ್ಲದೆ ಹರಿದುಬರುತ್ತವೆ. ದುಃಖಕ್ಕೆ ದೂರವಿರುವ ಪದ್ಧತಿಯಿಂದ ಯಾರಿಗೂ ಹೆಚ್ಚಿನ ಹಾನಿಯಿಲ್ಲ. ದುಃಖಿತರು ಹತ್ತು ದಿನ ಹಬ್ಬ ಮಾಡದಿದ್ದರೆ ಅವರ ಪ್ರಾಣಕ್ಕೇನೂ ಅಪಾಯವಿಲ್ಲ. ಆದರೆ ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸು ತನ್ನ ಮೈಯ ಶಾಖವನ್ನು ತಾನೇ ಉಳಿಸಿಕೊಳ್ಳಲಾರದು. ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಬೆಚ್ಚಗಿನ ಕೋಣೆಯಲ್ಲಿ ಇಡಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಒಂದೇ ಹೆಸರಿನ ಎರಡು ಸಂಗತಿಗಳಲ್ಲಿ ಒಂದು ನಿರುಪದ್ರವಿ, ಮತ್ತೊಂದು ಪ್ರಾಣಾಂತಿಕ. ಹೆಸರು ಒಂದೇ ಆಗಿರುವತನಕ ಎರಡನೆಯದು ಮೊದಲನೆಯದರ ಗೌರವದ ಮರೆಯಲ್ಲಿ ನಿಂತಿರುವುದು.

ಇದನ್ನು ನಮ್ಮ ನಾಡಿನಲ್ಲಿ ಮೊದಲು ಬಿಡಿಸಿ ನೋಡಿದವರು ಆಧುನಿಕರಲ್ಲ. ಹನ್ನೆರಡನೆಯ ಶತಮಾನದ ಶರಣರ ಪರಂಪರೆಯಲ್ಲಿ ಪಂಚಸೂತಕಗಳ ನಿರಾಕರಣೆ ಒಂದು ಮುಖ್ಯ ತತ್ತ್ವ: ಜಾತಿಸೂತಕ, ಜನನಸೂತಕ, ಪ್ರೇತಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ. ಒಂದು ಮಾತಿನಲ್ಲಿ ಕೂಡಿಕೊಂಡಿದ್ದನ್ನು ಐದಾಗಿ ಬಿಡಿಸಿ, ಪ್ರತಿಯೊಂದಕ್ಕೂ ಅದರದೇ ಹೆಸರನ್ನು ಕೊಟ್ಟು, ಬಳಿಕ ಪ್ರತಿಯೊಂದನ್ನೂ ತಿರಸ್ಕರಿಸಿದರು. ಆ ಕ್ರಮವೇ ವಿಶೇಷ. ಮುಟ್ಟಾದ ಹೆಣ್ಣು, ಹೆತ್ತ ಹೆಣ್ಣು ದೇವಪೂಜೆಗೆ ಅರ್ಹಳೆಂದು ಎಂಟು ಶತಮಾನಗಳ ಹಿಂದೆ ಕನ್ನಡದಲ್ಲಿ ಸ್ಪಷ್ಟವಾಗಿ ಸಾರಲ್ಪಟ್ಟ ತತ್ತ್ವವನ್ನು ಒಪ್ಪಿದ ಮನೆತನಗಳಲ್ಲಿಯೂ ಮೂರು ದಿನದ ದೂರ ಮತ್ತೆ ಮೆಲ್ಲಗೆ ಸೇರಿಕೊಂಡಿತೆಂಬುದು ಬೇರೆ ವ್ಯಥೆ.

ಹಟ್ಟಿಯವರನ್ನು ಮಾತ್ರ ಕಟಕಟೆಗೆ ನಿಲ್ಲಿಸುವುದು ಆದ್ದರಿಂದ ಸತ್ಯವಲ್ಲ. ‘ಹೊರಗೆ’ ಎಂಬ ಪದವನ್ನು ಗಮನಿಸಿರಿ. ‘ಹೊರಗಾಗಿದ್ದಾಳೆ’, ‘ಹೊರಗೆ ಕೂತಿದ್ದಾಳೆ’, ‘ದೂರ ಕೂತಿದ್ದಾಳೆ’, ಮಕ್ಕಳಿಗೆ ಹೇಳುವಾಗ ‘ಕಾಗೆ ಮುಟ್ಟಿದೆ’: ಇವು ಬ್ರಾಹ್ಮಣರ ಮನೆಗಳಿಂದ ಹಿಡಿದು ಒಕ್ಕಲು ಮನೆಗಳವರೆಗೆ ಈ ಜಿಲ್ಲೆಯ ಎಲ್ಲರೂ ಬಲ್ಲ ಮಾತುಗಳು. ಹತ್ತು ಅಂಕಣದ ಮನೆಯಲ್ಲಿ ‘ಹೊರಗೆ’ ಎಂದರೆ ನಡುಮನೆಯ ಆಚೆ, ಹಿತ್ತಿಲ ಕಡೆಯ ಒಂದು ಮೂಲೆ. ಮೇಲೆ ಹೆಂಚು ಇದೆ, ಚಾಪೆ ಇದೆ, ತಟ್ಟೆ ಇದೆ, ರಾತ್ರಿ ಅಜ್ಜಿ ಪಕ್ಕದಲ್ಲಿ ಮಲಗುತ್ತಾಳೆ. ಒಂದೇ ಕೋಣೆಯ ಮನೆಯಲ್ಲಿ ಬಾಳುವ ಬಡವರಿಗೆ ಅಂಥ ಮೂಲೆಯಿಲ್ಲ. ಅವರ ‘ಹೊರಗೆ’ ಹೊಲದ ಬದುವಿನಲ್ಲಿ, ಕುರಿರೊಪ್ಪದ ಪಕ್ಕದಲ್ಲಿ, ತೆಂಗಿನ ಗರಿಯನ್ನೂ ಸೊಪ್ಪನ್ನೂ ಹೊದಿಸಿ ಮೇಲೊಂದು ಪ್ಲಾಸ್ಟಿಕ್ ಹಾಳೆ ಬಿಗಿದ ಗುಡ್ಲಿನಲ್ಲಿ. ಎದ್ದು ನಿಲ್ಲುವಷ್ಟು ಎತ್ತರವಿರದು; ಬಾಗಿಲೆಂಬುದು ಒಂದು ಗೋಣಿಚೀಲ; ಮಳೆ ಬಂದರೆ ನೀರು ನೆಲದಿಂದಲೇ ಒಳಗೆ ಬರುವುದು; ಊಟದ ತಟ್ಟೆಯನ್ನು ತಂದವರು ದೂರದಲ್ಲಿಟ್ಟು ಹಿಂದೆ ಸರಿಯುವರು; ಹಾವು ಚೇಳಿನ ಭಯಕ್ಕೆ ಒಂದು ಬುಡ್ಡಿದೀಪವೋ ಮೊಬೈಲಿನ ಬೆಳಕೋ. ಎರಡಕ್ಕೂ ಹೆಸರು ‘ಹೊರಗೆ.’ ಹಟ್ಟಿಯ ಹಿರಿಯನನ್ನು ಪ್ರಶ್ನಿಸಿದ ಪೇಟೆಯ ಅಧಿಕಾರಿಗೆ ‘ನಿಮ್ ಮನ್ಯಾಗೂ ಹೊರ್ಗೆ ಕೂರ್ತಿರ್ಲಿಲ್ವಾ ಸಾರ್’ ಎಂಬ ಮರುಪ್ರಶ್ನೆ ಎದುರಾದರೆ ಅವನು ಮೌನವಾಗುವುದು ಸಹಜ. ಏಕೆಂದರೆ ಪದದ ಮಟ್ಟಿಗೆ ಆ ಹಿರಿಯ ಹೇಳಿದ್ದು ಸತ್ಯ. ಮೇಲಿನವರು ತಮ್ಮ ಮೂಲೆಗೆ ಇಟ್ಟುಕೊಂಡ ಗೌರವದ ಹೆಸರು ಬಯಲಿನ ಗುಡ್ಲಿಗೂ ಆಶ್ರಯ ಕೊಟ್ಟಿದೆ. ಈ ಹೊಣೆಯಿಂದ ನಾವು, ಪೇಟೆಯಲ್ಲಿ ಓದು ಬಲ್ಲ ಮನೆಗಳವರು, ತಪ್ಪಿಸಿಕೊಳ್ಳಲಾರೆವು.

ಹಾಗೆಂದು ಧರ್ಮದ ಭಾಷೆಯಲ್ಲಿ ಅನೇಕಾರ್ಥವೇ ಕೂಡದೆಂದು ನಾನು ವಾದಿಸತಕ್ಕವನಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಅನೇಕಾರ್ಥದಿಂದಲೇ ಬಾಳುತ್ತವೆ. ಅಲ್ಲಿ ಒಂದು ಪದ ಎರಡು ಮೂರು ಕಡೆಗೆ ಕೈಚಾಚುವುದು ಓದುಗನನ್ನು ನಿದ್ರೆಯಿಂದ ಎಬ್ಬಿಸುವುದಕ್ಕೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ನೆರೆಯುವ ಜನ ಇಂದಿಗೂ ಸಿಡುಬಿನ ಜಾತಿಯ ಜ್ವರವನ್ನು ‘ಅಮ್ಮ’ ಎನ್ನುತ್ತಾರೆ. ‘ಅಮ್ಮ ಆಗಿದೆ’ ಎಂದಾಗ ರೋಗವೂ ದೇವಿಯೂ ಬೇರೆಯಾಗಿ ನಿಲ್ಲುವುದಿಲ್ಲ. ಔಷಧಿಯಿಲ್ಲದ ಕಾಲದಲ್ಲಿ ಆ ಮಾತು ರೋಗಿಯನ್ನು ಮನೆಯೊಳಗೇ ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಮೃದುವಾಗಿ ನಡೆಸಿಕೊಳ್ಳುವುದನ್ನು ಕಲಿಸಿತು. ಭೀಕರವಾದುದಕ್ಕೆ ತಾಯಿಯ ಹೆಸರಿಟ್ಟ ಜನರ ಧೈರ್ಯವನ್ನು ನಾನು ಗೌರವಿಸುತ್ತೇನೆ. ಅಲ್ಲಿ ರೋಗ ತಾಯಿಯಾಯಿತು. ಇಲ್ಲಿ ತಾಯಿಯೇ ರೋಗದಂತೆ ಆದಳು. ಮಾತಿಗೆ ಎಷ್ಟು ಅರ್ಥಗಳಿವೆಯೆಂಬುದಕ್ಕಿಂತ, ಆ ಅರ್ಥಗಳ ನಡುವಣ ಮಬ್ಬಿನಲ್ಲಿ ನಲುಗುವವರು ಯಾರು ಎಂಬುದೇ ನನಗೆ ಮುಖ್ಯವಾಗಿ ತೋರುವುದು.

ಹಳೆಯ ಮಾತುಗಳು ಪ್ರಶ್ನೆಗೆ ಸಿಲುಕಿದಾಗ ಹೊಸ ಮಾತುಗಳು ಬರುತ್ತವೆ. ಈಚಿನ ವರ್ಷಗಳಲ್ಲಿ ಹಟ್ಟಿಯ ಗುಡ್ಲನ್ನು ಸಮರ್ಥಿಸುವವರು, ಅವರಲ್ಲಿ ಕೆಲವರು ಓದಿದವರೇ, ‘ವಿಶ್ರಾಂತಿ’ ಎಂಬ ಪದವನ್ನು ಮುಂದಿಡುತ್ತಾರೆ: ಹೆಣ್ಣಿಗೆ ಆ ದಿನಗಳಲ್ಲಿ ಮನೆಗೆಲಸದಿಂದ ಬಿಡುವು ಸಿಗಲೆಂದು ಹಿರಿಯರು ಮಾಡಿದ ಏರ್ಪಾಡು, ಇದರಲ್ಲಿ ‘ವೈಜ್ಞಾನಿಕ’ ಕಾರಣವಿದೆ, ಎಂದು. ಕೇಳುವುದಕ್ಕೆ ಹಿತವಾದ ಮಾತು. ವಿಶ್ರಾಂತಿಯ ಉದ್ದೇಶವಿದ್ದರೆ ಹಾಸಿಗೆ ಬೇಕು, ಬಿಸಿನೀರು ಬೇಕು, ಶೌಚಾಲಯ ಹತ್ತಿರವಿರಬೇಕು. ಎಲ್ಲಕ್ಕಿಂತ ಮೊದಲು, ಬೇಡವೆನಿಸಿದಾಗ ಎದ್ದು ಮನೆಯೊಳಗೆ ಬರುವ ಸ್ವಾತಂತ್ರ್ಯ ಬೇಕು. ವಿಶ್ರಾಂತಿ ಪಡೆಯುತ್ತಿರುವವರು ಬಿಂದಿಗೆ ಮುಟ್ಟಿದರೆ ಯಾರೂ ದಂಡ ಕೇಳುವುದಿಲ್ಲವಷ್ಟೆ. ಇನ್ನು ‘ಅವರೇ ಹೋಗುತ್ತಾರೆ’ ಎಂಬುದು. ಹೋಗದಿದ್ದರೆ ಮನೆಯ ಹಸು ಸತ್ತೀತು, ಗಂಡನಿಗೆ ಹಾವು ಕಚ್ಚೀತು, ಹಟ್ಟಿಗೆ ಕೇಡಾದೀತು ಎಂಬ ಭಯವನ್ನು ಬಾಲ್ಯದಿಂದಲೂ ಉಣಿಸಿ ಬೆಳೆಸಿದ ಹೆಣ್ಣು, ತನ್ನ ಕಾಲಿನಿಂದಲೇ ನಡೆದುಹೋಗುವಳು, ನಿಜ. ಅತ್ತೆಯೇ ಅವಳ ಚಾಪೆಯನ್ನು ಸುತ್ತಿಕೊಡುವಳು. ಆ ಅತ್ತೆಯೂ ಒಂದು ಕಾಲಕ್ಕೆ ಹಾಗೆ ನಡೆದುಹೋದವಳೇ. ಈ ನಡಿಗೆಯನ್ನು ಸ್ವಇಚ್ಛೆಯೆಂದು ಕರೆಯುವುದಾದರೆ ಇಚ್ಛೆ ಎಂಬ ಪದಕ್ಕೆ ಏನರ್ಥ ಉಳಿಯಿತು?

ಇಲ್ಲಿಯೇ ಕಾನೂನು ತೊಡಕಿಗೆ ಸಿಕ್ಕುವುದು. ಮೌಢ್ಯನಿಷೇಧ ಕಾಯ್ದೆಯೆಂದು ಜನ ಕರೆಯುವ, ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ ಅಧಿನಿಯಮವು 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು 2020ರ ಜನವರಿಯಿಂದ ಜಾರಿಗೆ ಬಂತು. ಮುಟ್ಟಾದ ಅಥವಾ ಗರ್ಭಿಣಿಯಾದ ಹೆಂಗಸರನ್ನು ಬಲವಂತವಾಗಿ ಪ್ರತ್ಯೇಕಿಸುವುದು, ಊರಿನೊಳಕ್ಕೆ ಮರಳಿ ಬಾರದಂತೆ ತಡೆಯುವುದು ಅದರ ಅನುಸೂಚಿಯಲ್ಲಿ ಹೆಸರಿಸಲ್ಪಟ್ಟ ಅಪರಾಧಗಳು. ಶ್ಲಾಘ್ಯವಾದ ಶಾಸನ. ಆದರೆ ‘ಬಲವಂತ’ ಎಂಬ ಪದ ಹಟ್ಟಿಗೆ ತಲಪಿದೊಡನೆ ‘ಯಾರೂ ಬಲವಂತ ಮಾಡಿಲ್ಲ’ ಎಂಬ ಉತ್ತರ ಸಿದ್ಧವಾಗಿರುವುದು, ಮತ್ತು ಆ ಉತ್ತರ ಹೇಳುವವರು ಬಹುಮಟ್ಟಿಗೆ ಅದನ್ನು ನಂಬಿಯೇ ಹೇಳುತ್ತಾರೆ. ಕೈ ಹಿಡಿದು ಎಳೆದ ಬಲವಂತವನ್ನು ಪೊಲೀಸರು ಕಾಣಬಲ್ಲರು. ‘ದೇವರಿಗೆ ಆಗಲ್ಲ’ ಎಂಬ ಮಾತಿನಲ್ಲಿರುವ ಬಲವಂತವನ್ನು ಯಾವ ಪಂಚನಾಮೆಯಲ್ಲಿ ಬರೆಯುವುದು? ಮಲ್ಲೇನಹಳ್ಳಿಯ ಪ್ರಕರಣದ ಬಳಿಕ ಗುಬ್ಬಿ ತಾಲ್ಲೂಕಿನ ಹಟ್ಟಿಯೊಂದಕ್ಕೆ ನ್ಯಾಯಾಧೀಶರೇ ಹೋಗಿ ಗುಡಿಸಿಲಿನಲ್ಲಿದ್ದ ಬಾಣಂತಿಯನ್ನೂ ಮಗುವನ್ನೂ ಮನೆಯೊಳಗೆ ಸೇರಿಸಿದರು. ಅವರು ಬಲವಂತವೇ ಸ್ವಇಚ್ಛೆಯೇ ಎಂಬ ಚರ್ಚೆಗೆ ತೊಡಗಲಿಲ್ಲ. ಮಗು ಎಲ್ಲಿದೆಯೆಂದು ನೋಡಿದರು. ಅದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಸರಕಾರವೂ ಮಾತಿನ ಈ ಮಬ್ಬಿನಿಂದ ಮುಕ್ತವಾಗಿರಲಿಲ್ಲವೆಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ. ಗುಡ್ಲುಗಳ ದುಃಸ್ಥಿತಿ ಬಹಿರಂಗವಾದಾಗ, ಅವುಗಳ ಬದಲಿಗೆ ಹಟ್ಟಿಗಳ ಅಂಚಿನಲ್ಲಿ ಸಾರ್ವಜನಿಕ ಹಣದಿಂದ ಗಟ್ಟಿ ಗೋಡೆಯ ಕಟ್ಟಡಗಳನ್ನು ಕಟ್ಟಿಸಲಾಯಿತು. ಅವುಗಳಿಗೆ ಇಟ್ಟ ಹೆಸರು ‘ಕೃಷ್ಣಕುಟೀರ’, ಕೆಲವೆಡೆ ‘ಮಹಿಳಾ ಭವನ.’ ಕಟ್ಟಿಸಿದವರ ಕಳಕಳಿಯನ್ನು ನಾನು ಶಂಕಿಸುವುದಿಲ್ಲ. ಹಾವು ಮಳೆಗಳಿಂದ ರಕ್ಷಣೆ ಸಿಗಲಿ ಎಂಬುದು ಅವರ ಆಶಯ. ಆದರೂ ಆ ಹೆಸರುಗಳ ಪರಿಣಾಮ ಏನಾಯಿತು? ‘ಮಹಿಳಾ ಭವನ’ವೆಂದು ಕಡತದಲ್ಲಿ ಓದಿದವನಿಗೆ ಹೆಂಗಸರು ಸೇರಿ ಹೊಲಿಗೆಯನ್ನೋ ಅಕ್ಷರವನ್ನೋ ಕಲಿಯುವ ಜಾಗವೆಂದು ತೋರುವುದು. ‘ಕೃಷ್ಣಕುಟೀರ’ವೆಂದಾಗ ಗೋಪಾಲಕರ ಕುಲದೈವದ ಸ್ಮರಣೆಯಾಗಿ ಕೈ ತಾನೇ ಮುಗಿಯುವುದು. ಅಂಟುಮುಟ್ಟಿನ ಆಚರಣೆಗೆ ಸರಕಾರದ ಮುದ್ರೆ ಬಿದ್ದದ್ದನ್ನು ಈ ಎರಡು ಹೆಸರುಗಳೂ ಮುಚ್ಚಿದವು. ಸೊಪ್ಪಿನ ಗುಡ್ಲು ಇನ್ನೊಂದು ಮಳೆಗಾಲಕ್ಕೆ ಕುಸಿಯುತ್ತಿತ್ತು. ಸಿಮೆಂಟಿನ ಕಟ್ಟಡ ಕುಸಿಯುವುದಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯ ಆದಿವಾಸಿ ಊರುಗಳಲ್ಲಿಯೂ ‘ಕುರ್ಮಾಘರ್’ ಎಂಬ ಮುಟ್ಟಿನ ಗುಡಿಸಿಲುಗಳನ್ನು ಸುಧಾರಿತ ಕಟ್ಟಡಗಳನ್ನಾಗಿಸುವ ಪ್ರಯತ್ನ ನಡೆದು, ಅಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ನೇಪಾಳವು ತನ್ನ ಪಶ್ಚಿಮದ ಗುಡ್ಡಗಾಡಿನ ‘ಛೌಪಡಿ’ ಎಂಬ ಇಂಥದೇ ಆಚರಣೆಯನ್ನು 2017ರ ಕಾನೂನಿನಿಂದ ಶಿಕ್ಷಾರ್ಹ ಅಪರಾಧವೆಂದು ಸಾರಿತು, ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದಕ್ಕೂ ಹನ್ನೆರಡು ವರ್ಷ ಹಿಂದೆ, 2005ರಲ್ಲಿಯೇ, ಅದನ್ನು ನಿಷೇಧಿಸಿತ್ತು.

ಹೆಸರು ಬದಲಿಸಿ ಕೃತ್ಯವನ್ನು ಉಳಿಸುವುದು ಬರಿಯ ಹಟ್ಟಿಯ ಸಂಗತಿಯಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಭಕ್ತರು ಉರುಳುವ ‘ಮಡೆಸ್ನಾನ’ ವಿವಾದಕ್ಕೆ ಬಂದಾಗ, ಉಣ್ಣದೆ ಬಡಿಸಿದ ನೈವೇದ್ಯದ ಎಲೆಗಳ ಮೇಲೆ ಉರುಳುವ ‘ಎಡೆಸ್ನಾನ’ವೆಂಬ ಪರ್ಯಾಯ ಬಂತು; ಹೈಕೋರ್ಟು 2012ರಲ್ಲಿ ಅದಕ್ಕೆ ಅವಕಾಶ ಕೊಟ್ಟಿತು, ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಒಂದಕ್ಷರ ಬದಲಾಯಿತು; ಉರುಳುವವರು ಯಾರು, ಉರುಳದವರು ಯಾರು ಎಂಬುದು ಬದಲಾಗಲಿಲ್ಲ. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯ ಬೆತ್ತಲೆ ಮೆರವಣಿಗೆ, 1986ರ ಗಲಭೆಯ ತನಕ, ‘ಸೇವೆ’ ಎಂಬ ಪವಿತ್ರ ಪದದ ರಕ್ಷೆಯಲ್ಲಿ ನಡೆಯಿತು. ಬಡವರ ಹೆಣ್ಣುಮಗುವನ್ನು ಉಳ್ಳವರ ವಶಕ್ಕೆ ಒಪ್ಪಿಸುವುದಕ್ಕೆ ಉತ್ತರ ಕರ್ನಾಟಕದಲ್ಲಿ ‘ದೇವರಿಗೆ ಬಿಡುವುದು’ ಎಂಬ ಹೆಸರಿತ್ತು. 1982ರ ಕಾಯ್ದೆ ಅದನ್ನು ಅಪರಾಧವೆಂದು ಹೆಸರಿಸಬೇಕಾಯಿತು. ಸ್ನಾನ, ಸೇವೆ, ದೇವರಿಗೆ ಬಿಡುವುದು: ಒಂದೊಂದೂ ಭಕ್ತನ ಹೃದಯಕ್ಕೆ ಪ್ರಿಯವಾದ ಮಾತು. ಪ್ರಿಯವಾದದ್ದರಿಂದಲೇ ಅವುಗಳನ್ನು ಬಳಸಿಕೊಳ್ಳಲಾಯಿತು. ನಿಜವಾದ ಭಕ್ತನಿಗೆ ಇದರಿಂದಾದ ಅಪಚಾರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನ್ಯಾಯಾಲಯಗಳ ವಿಷಯದಲ್ಲಿ ಒಂದು ಕುತೂಹಲಕರ ಇತಿಹಾಸವಿದೆ. ಕನ್ನಡದ ಓದುಗರಿಗೆ ಅದು ಅಷ್ಟಾಗಿ ಪರಿಚಿತವಲ್ಲವಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತಷ್ಟೆ. ಆದರೆ ಅಸ್ಪೃಶ್ಯತೆಯೆಂದರೇನೆಂದು ಅದು ವ್ಯಾಖ್ಯಾನಿಸಲಿಲ್ಲ. 1958ರಲ್ಲಿ ವರದಿಯಾದ, ಸಾಮಾಜಿಕ ಬಹಿಷ್ಕಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಮೈಸೂರು ಹೈಕೋರ್ಟು ಈ ಪದವನ್ನು ಅಕ್ಷರಾರ್ಥದಲ್ಲಿ ತೆಗೆದುಕೊಳ್ಳಕೂಡದೆಂದಿತು. ಅಕ್ಷರಾರ್ಥ ಮಾಡಿದರೆ ಸಾಂಕ್ರಾಮಿಕ ರೋಗದಿಂದಲೋ ಹುಟ್ಟುಸಾವುಗಳ ಆಚರಣೆಯಿಂದಲೋ ತಾತ್ಕಾಲಿಕವಾಗಿ ದೂರವಿರಿಸಲ್ಪಟ್ಟವರೂ ಅದರೊಳಗೆ ಬಂದುಬಿಡುವರು, ಸಂವಿಧಾನದ ಉದ್ದೇಶ ಚಾರಿತ್ರಿಕವಾಗಿ ಬೆಳೆದುಬಂದ ಜಾತಿಯ ಅಸ್ಪೃಶ್ಯತೆ ಮಾತ್ರವೆಂಬುದು ಅದರ ವಿವರಣೆ. ಜಾತಿಯ ಅಸ್ಪೃಶ್ಯತೆಯ ಘೋರತೆಯನ್ನು ತೆಳುವಾಗಿಸಬಾರದೆಂಬ ಕಾಳಜಿ ಅದರಲ್ಲಿ ಇದ್ದಿರಬಹುದು. ಆದರೆ ಫಲವಾಗಿ ಹುಟ್ಟಿನ ಸೂತಕ ಬಾಗಿಲಿನ ಆಚೆ ಉಳಿಯಿತು. ಅರವತ್ತು ವರ್ಷಗಳ ಬಳಿಕ, 2018ರ ಸೆಪ್ಟೆಂಬರಿನ ಶಬರಿಮಲೆ ತೀರ್ಪಿನಲ್ಲಿ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರು ಅದೇ ವಿಧಿಯ ವ್ಯಾಖ್ಯಾನರಾಹಿತ್ಯವನ್ನು ವಿರುದ್ಧ ದಿಕ್ಕಿಗೆ ಓದಿದರು: ಶುದ್ಧಿ ಅಶುದ್ಧಿಗಳ ಕಲ್ಪನೆಯಿಂದ ಮುಟ್ಟಾದ ಹೆಂಗಸರನ್ನು ಹೊರಗಿಡುವುದೂ ಅಸ್ಪೃಶ್ಯತೆಯ ಒಂದು ರೂಪವೇ ಎಂದರು. ಆ ತೀರ್ಪು ಪುನರ್ವಿಮರ್ಶೆಗೆ ಒಳಪಟ್ಟ ವಿಷಯ. ಆದರೂ ಓದಿನ ಆ ರೀತಿ ನನಗೆ ಮಹತ್ತ್ವದ್ದಾಗಿ ಕಾಣುತ್ತದೆ. ಧರ್ಮಸ್ವಾತಂತ್ರ್ಯದ 25ನೆಯ ವಿಧಿಯಾದರೋ ಆರಂಭದಲ್ಲಿಯೇ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಎಂಬ ಮೂರಕ್ಕೆ ಧರ್ಮವನ್ನು ಅಧೀನಗೊಳಿಸಿದೆ. ಉಡುಪಿಯ ಶಿರೂರು ಮಠದ 1954ರ ಪ್ರಸಿದ್ಧ ಮೊಕದ್ದಮೆಯಿಂದ ಈಚೆಗೆ ಯಾವ ಆಚರಣೆ ಧರ್ಮಕ್ಕೆ ಅತ್ಯವಶ್ಯಕವೆಂಬ ವಾದದಲ್ಲಿ ನಮ್ಮ ನ್ಯಾಯಾಲಯಗಳು ದಶಕಗಳನ್ನು ಕಳೆದಿವೆ. ಹಟ್ಟಿಯ ಕೂಸಿನ ಮಟ್ಟಿಗೆ ಆ ವಾದವೇ ಅನಗತ್ಯ. ‘ಆರೋಗ್ಯ’ ಎಂಬ ಮೂರಕ್ಷರ ವಿಧಿಯ ಮೊದಲ ಸಾಲಿನಲ್ಲಿಯೇ ಇದೆ.

ಇನ್ನೂ ಒಂದು ಪದ, ‘ಸಂಸ್ಕೃತಿ.’ ಕಾಡುಗೊಲ್ಲರು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಬಹುಕಾಲದಿಂದ ಹೋರಾಡುತ್ತಿದ್ದಾರೆ. ಊರುಗೊಲ್ಲರಿಂದ ತಾವು ಬೇರೆಯೆಂಬ ಅವರ ವಾದದಲ್ಲಿ ಹುರುಳಿದೆ. 2020ರ ಶಿರಾ ಉಪಚುನಾವಣೆಯ ಮುನ್ನ ಕಾಡುಗೊಲ್ಲ ಅಭಿವೃದ್ಧಿ ಮಂಡಳಿಯ ಘೋಷಣೆಯಾದದ್ದೂ ಈ ಸೀಮೆಯವರಿಗೆ ನೆನಪಿದೆ. 1965ರ ಲೋಕೂರ್ ಸಮಿತಿಯಿಂದ ಬಂದ ಮಾನದಂಡಗಳಲ್ಲಿ ವಿಶಿಷ್ಟ ಸಂಸ್ಕೃತಿ, ಆದಿಮ ಲಕ್ಷಣ ಎಂಬ ಮಾತುಗಳಿವೆ. ಅವುಗಳ ನೆರಳಿನಲ್ಲಿ, ಗುಡ್ಲನ್ನು ಬಿಟ್ಟರೆ ವಿಶಿಷ್ಟತೆಯನ್ನೇ ಬಿಟ್ಟಂತಾದೀತೆಂಬ ಅಂಜಿಕೆ ಕೆಲವರಲ್ಲಿ ಮೂಡಿದರೆ ಆಶ್ಚರ್ಯವಿಲ್ಲ. ಈ ಅಂಜಿಕೆಗೆ ಆಧಾರವಿಲ್ಲ. ಗಣೆಯಿದೆ, ಜುಂಜಪ್ಪನ ಕಾವ್ಯವಿದೆ, ಹಟ್ಟಿಯ ವಿನ್ಯಾಸವಿದೆ, ದನಕರುಗಳ ಮೇಲಿನ ಆ ಜನದ ಅಸಾಧಾರಣ ವಾತ್ಸಲ್ಯವಿದೆ, ಪದ ಕಟ್ಟುವ ಹೆಂಗಸರಿದ್ದಾರೆ. ಸಿರಿಯಜ್ಜಿಯ ಕಂಠವನ್ನು ಬಿಟ್ಟು, ಬಾಣಂತಿಯ ಗುಡ್ಲನ್ನು ತೋರಿಸಿ ಇದು ನಮ್ಮ ಸಂಸ್ಕೃತಿಯೆಂದು ಹೇಳಬ‍ೇಕಾದ ದಾರಿದ್ರ್ಯ ಆ ಸಮುದಾಯಕ್ಕೆ ಎಂದೂ ಇರಲಿಲ್ಲ.

ಬದಲಾವಣೆ ಬರುತ್ತಿಲ್ಲವೆಂದಲ್ಲ. ಮಧುಗಿರಿಯ, ಶಿರಾದ ಹಾಸ್ಟೆಲುಗಳಲ್ಲಿದ್ದು ಕಾಲೇಜು ಓದುವ ಹಟ್ಟಿಯ ಹುಡುಗಿಯರು ತಿಂಗಳ ಆ ದಿನಗಳಲ್ಲಿ ಎಲ್ಲರಂತೆ ಒಳಗೇ ಮಲಗಿ, ಎಲ್ಲರೊಡನೆ ಉಂಡು, ಪರೀಕ್ಷೆ ಬರೆದು ಬರುತ್ತಾರೆ. ರಜೆಗೆ ಊರಿಗೆ ಮರಳಿದಾಗ ಮಾತ್ರ ಮತ್ತೆ ಹೊರಗಾಗುತ್ತಾರೆ. ಹಾಸ್ಟೆಲಿನಲ್ಲಿ ಒಳಗಿದ್ದುದರಿಂದ ಯಾವ ಕೇಡೂ ಆಗಲಿಲ್ಲವೆಂಬುದನ್ನು ಅವರು ಬಲ್ಲರು, ಅವರ ತಾಯಂದಿರೂ ಬಲ್ಲರು. ಬಲ್ಲವರ ಬಾಯಿಗೆ ಮಾತು ಬರುವುದಕ್ಕೆ ಬೆಂಬಲ ಬೇಕು. ಅದಕ್ಕಾಗಿ ದೊಡ್ಡ ಭಾಷಣಗಳಿಗಿಂತ ಕೆಲವು ಸಣ್ಣ ಸ್ಪಷ್ಟತೆಗಳು ಉಪಯುಕ್ತವೆಂದು ತೋರುವುದು. ಇಂದು ಹಟ್ಟಿಯ ಹೆಚ್ಚಿನ ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತವೆ. ತಾಯಿಯನ್ನೂ ಕೂಸನ್ನೂ ಮನೆಗೆ ಬಿಡುವುದಕ್ಕೆ ‘ನಗು-ಮಗು’ ವಾಹನವಿದೆ. ತಾಯಿ ಕಾರ್ಡಿನಲ್ಲಿ ವಿಳಾಸವಿದೆ. ಆ ದಾಖಲೆಗಳಲ್ಲಿ ‘ಮನೆ’ ಎಂದರೆ ಯಾವುದು? ವಾಹನ ಹಟ್ಟಿಯ ಅಂಚಿನಲ್ಲಿ ನಿಂತು ಬಾಣಂತಿ ಗುಡ್ಲಿಗೆ ನಡೆದರೂ ‘ಮನೆಗೆ ತಲಪಿಸಲಾಗಿದೆ’ ಎಂದು ಬರೆದರೆ ಆ ಬರಹವೂ ಮಬ್ಬನ್ನೇ ಹೆಚ್ಚಿಸುವುದು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ‘ಬಾಣಂತಿ ಕ್ಷೇಮ’ ಎಂಬುದರ ಜೊತೆಗೆ, ನಿನ್ನೆ ರಾತ್ರಿ ತಾಯಿ-ಮಗು ಯಾವ ಸೂರಿನ ಕೆಳಗೆ ಮಲಗಿದ್ದರು, ಆ ಸೂರಿಗೆ ಬಾಗಿಲು ಇದೆಯೆ, ಪಕ್ಕದಲ್ಲಿ ಯಾರಿದ್ದರು ಎಂಬ ಮೂರು ಪ್ರಶ್ನೆಗಳಿಗೆ ಜಾಗವಿರಲಿ. ಆ ಆಶಾ ಅದೇ ಹಟ್ಟಿಯ ಸೊಸೆಯಾಗಿರಬಹುದು, ಯಜಮಾನರನ್ನು ಎದುರುಹಾಕಿಕೊಳ್ಳಲಾರದವಳಾಗಿರಬಹುದು. ಆದ್ದರಿಂದ ಆ ಉತ್ತರಗಳನ್ನು ಕೇಳಬೇಕಾದವರು ತಾಲ್ಲೂಕು ಆರೋಗ್ಯಾಧಿಕಾರಿಗಳು, ಸ್ವತಃ ಬಂದು, ಮೊದಲ ವಾರದಲ್ಲಿಯೇ.

ಹಟ್ಟಿಗಳ ಅಂಚಿನ ಕೃಷ್ಣಕುಟೀರಗಳನ್ನು ಕೆಡವಬೇಕಾದ್ದಿಲ್ಲ. ಗಟ್ಟಿ ಗೋಡೆ, ಸೂರು, ಕಿಟಕಿ ಎಲ್ಲವೂ ಅವಕ್ಕೆ ಇವೆ. ಅನೇಕ ಹಟ್ಟಿಗಳಲ್ಲಿ ಮಕ್ಕಳು ಕೂತು ಓದುವುದಕ್ಕೆ ಅಷ್ಟು ಒಳ್ಳೆಯ ಇನ್ನೊಂದು ಕೋಣೆಯಿಲ್ಲ. ಪಂಚಾಯಿತಿಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಅವುಗಳನ್ನು ಅಂಗನವಾಡಿಗೋ ಓದುವ ಮನೆಗೋ ವಹಿಸಿಕೊಟ್ಟು, ಹಳೆಯ ಫಲಕವನ್ನು ತೆಗೆಸಿ, ಒಳಗೆ ನಡೆಯುವ ಕೆಲಸದ ಹೆಸರನ್ನೇ ಬಾಗಿಲ ಮೇಲೆ ಬರೆಸಲಿ. ಗಂಡಸರು, ಹೆಂಗಸರು, ಮಕ್ಕಳು, ಪೂಜಾರಪ್ಪ, ಯಜಮಾನರು ಯಾವ ದಿನ ಬೇಕಾದರೂ ಆ ಬಾಗಿಲಿನಿಂದ ಒಳಗೆ ಹೋಗಿ ಹೊರಗೆ ಬರುವಂತಾಗಲಿ.